ಜವಾನ್‌ಗೂ ಜವಾನನಿಗೂ ನಡುವೆ

‘ಜೈ ಜವಾನ್’ ಎಂದು ಮುಷ್ಟಿ ಎತ್ತಿ ಕೂಗುವ ನಾವೇ, ಮರುದಿನ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ನಿಂತು ‘ಜವಾನ ಎಲ್ಲಿ ಹಾಳಾಗಿ ಹೋದ, ಫೈಲು ಇನ್ನೂ ಒಳಗೆ ಹೋಗಿಲ್ಲ’ ಎಂದು ಗೊಣಗುತ್ತೇವೆ. ಪದ ಒಂದೇ. ಕೊನೆಯ ಅಕ್ಷರವನ್ನು ಅರ್ಧಕ್ಕೆ ನಿಲ್ಲಿಸಿದರೆ ಗಡಿ ಕಾಯುವವನು, ಪೂರ್ತಿ ಉಚ್ಚರಿಸಿದರೆ ಸಾಹೇಬರ ಬಾಗಿಲು ಕಾಯುವವನು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆ ಘೋಷಣೆ ಕೊಟ್ಟಾಗ ಇಡೀ ದೇಶ ಅದನ್ನು ಎದೆಗೆ ಹಚ್ಚಿಕೊಂಡಿತು. ಆದರೆ ಕನ್ನಡದ ಪತ್ರಿಕೆಗಳು ಸೈನಿಕನ ಸುದ್ದಿ ಬರೆಯುವಾಗ ‘ಜವಾನ’ ಎನ್ನಲು ಇಂದಿಗೂ ಹಿಂಜರಿದು ‘ಯೋಧ’ ಎನ್ನುತ್ತವೆ. ಜವಾನ ಎಂದರೆ ಓದುಗರ ಕಣ್ಣಿಗೆ ಬರುವುದು ಫೈಲು ಹೊತ್ತವನು, ಅದಕ್ಕೆ.

ಈ ಹಿಂಜರಿಕೆಯ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಸಾಮಾನ್ಯ ಸೈನಿಕನನ್ನು ಯಾರು ಯಾವ ಹೆಸರಿನಿಂದ ಕರೆದರು, ಆ ಹೆಸರು ಮುಂದೆ ಏನಾಯಿತು ಎಂದು ಹುಡುಕುತ್ತಾ ಹೋದರೆ ಎಲ್ಲ ದಾರಿಗಳೂ ಒಂದೇ ಕಡೆ ಬಂದು ಸೇರುತ್ತವೆ ಎಂಬುದು ನನ್ನ ಅಭಿಪ್ರಾಯ. ಅವನ ಹೆಸರನ್ನು ಇಡುವವರು ಮೇಲಿನವರು. ಆ ಹೆಸರಿಗೆ ಸಿಗುವ ಬೆಲೆ, ಹೊತ್ತವನಿಗೆ ಸಿಗುವ ಬೆಲೆಯಷ್ಟೇ.

ನಮ್ಮ ಸರ್ಕಾರಿ ಕಚೇರಿಯನ್ನೇ ನೋಡಿ. ಜವಾನ ಎಂದರೆ ಪರ್ಷಿಯನ್‌ನಲ್ಲಿ ಯುವಕ. ಸಂಸ್ಕೃತದ ‘ಯುವನ್’ನ ಸೋದರ ಪದ. ಹಳೆಯ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಅದೇ ಕೆಲಸದವನನ್ನು ಸಿಪಾಯಿ, ಶಿಪಾಯಿ ಎನ್ನುತ್ತಾರೆ. ಅದು ‘ಸಿಪಾಹ್’ ಅಂದರೆ ಸೇನೆ ಎಂಬ ಪರ್ಷಿಯನ್ ಪದದಿಂದ ಬಂದದ್ದು. ಇಂಗ್ಲಿಷಿನಲ್ಲಿ ಬರೆಯುವಾಗ ‘ಪ್ಯೂನ್’ ಎನ್ನುತ್ತೇವಲ್ಲ, ಅದು ಪೋರ್ಚುಗೀಸರು ಬಿಟ್ಟುಹೋದ ಪದ, ಅರ್ಥ ಕಾಲಾಳು. ಚದುರಂಗದ ಮಣೆಯ ಮುಂದಿನ ಸಾಲಿನ ಕಾಯಿಗೆ ಇಂಗ್ಲಿಷಿನಲ್ಲಿರುವ ‘ಪಾನ್’ ಎಂಬ ಹೆಸರೂ ಅದೇ ಬೇರಿನದು. ದಲಾಯತ್ ಎಂಬ ಹುದ್ದೆಯೊಂದಿದೆ. ಢಾಲು, ಅಂದರೆ ಗುರಾಣಿ ಹಿಡಿದವನು ಎಂದು ಅದರ ಮೂಲ. ಪೊಲೀಸ್ ‘ಪೇದೆ’ ಪರ್ಷಿಯನ್‌ನ ‘ಪಿಯಾದಾ’, ಕಾಲ್ನಡಿಗೆಯ ಸೈನಿಕ. ಕಚೇರಿಯಲ್ಲಿ ಅತಿ ಕಡಿಮೆ ಸಂಬಳ ಪಡೆಯುವ, ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತೇ ಇರುವ ಮನುಷ್ಯನಿಗೆ ನಾವು ಕೊಟ್ಟ ಒಂದೊಂದು ಹೆಸರೂ ಹಿಂದೊಮ್ಮೆ ರಣರಂಗದಲ್ಲಿ ನಿಂತಿದ್ದವನದು.

ಜಿಲ್ಲಾಧಿಕಾರಿಗಳ ಕೊಠಡಿಯ ಹೊರಗೆ ನಿಲ್ಲುವ ದಫೇದಾರರನ್ನು ಒಮ್ಮೆ ಹತ್ತಿರದಿಂದ ಗಮನಿಸಿ. ಬಿಳಿಯ ಉಡುಪು, ತಲೆಗೆ ಪೇಟ, ಎದೆಗೆ ಅಡ್ಡಲಾಗಿ ಕೆಂಪು ಡವಾಲಿ, ಅದರ ಮೇಲೆ ಉಜ್ಜಿ ಉಜ್ಜಿ ಹೊಳೆಯುವ ಹಿತ್ತಾಳೆಯ ಬಿಲ್ಲೆ. ಆ ಉಡುಪಿನ ಒಂದೊಂದು ತುಂಡೂ ದಂಡಿನಿಂದ ಬಂದದ್ದು. ಭಾರತೀಯ ಸೇನೆಯ ಟ್ಯಾಂಕ್ ರೆಜಿಮೆಂಟುಗಳಲ್ಲಿ ದಫೇದಾರ್ ಎಂಬುದು ಇಂದಿಗೂ ಹವಾಲ್ದಾರನಿಗೆ ಸಮನಾದ ದರ್ಜೆ, ತೋಳಿನ ಮೇಲೆ ಮೂರು ಪಟ್ಟಿ. ಕುದುರೆ ಪಡೆಯ ಕಾಲದಿಂದ ಉಳಿದುಬಂದ ಹೆಸರು ಅದು. ಮರುಭೂಮಿಯಲ್ಲಿ ಟ್ಯಾಂಕಿನೊಳಗೆ ಕುಳಿತಿರುವ ದಫೇದಾರನಿಗೂ, ಸಾಹೇಬರ ಕಾರಿನ ಬಾಗಿಲು ತೆರೆಯುವ ದಫೇದಾರನಿಗೂ ಒಂದೇ ಹೆಸರು ಇರುವುದು ಕಾಕತಾಳೀಯವಲ್ಲ.

ಅದು ಹೇಗೆ ಆಯಿತು ಎನ್ನುವುದಕ್ಕೆ ಮೈಸೂರು ಸೀಮೆಯಲ್ಲೇ ಉತ್ತರವಿದೆ. ಇಂದು ಕಂದಾಚಾರ ಎಂದರೆ ಅರ್ಥ ಕಳೆದುಕೊಂಡ ಹಳೆಯ ಆಚರಣೆ ಎಂದಷ್ಟೇ ನಮಗೆ ಗೊತ್ತು. ಮೈಸೂರು ಸಂಸ್ಥಾನದಲ್ಲಿ ಕಂದಾಚಾರ ಎಂಬುದು ಒಂದು ಇಲಾಖೆ. ಅದರಲ್ಲಿದ್ದವರು ಊರೂರಿನ ಪ್ಯಾದೆಗಳು. ಯುದ್ಧ ಬಂದರೆ ಕತ್ತಿ ಹಿಡಿಯಬೇಕು; ಇಲ್ಲದಾಗ ಕೋಟೆ ಕಾವಲು, ಪೊಲೀಸ್ ಕೆಲಸ, ಕಂದಾಯ ವಸೂಲಿಗೆ ಅಮಲ್ದಾರರ ಬೆನ್ನಿಗೆ ನಿಲ್ಲುವುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪುವಿನ ಸೈನ್ಯ ಚದುರಿತು. ಕಂಪನಿಯ ಆಶ್ರಯದಲ್ಲಿದ್ದ ಸಂಸ್ಥಾನಕ್ಕೆ ಯುದ್ಧ ಮಾಡುವ ಪ್ರಮೇಯ ಕಡಿಮೆಯಾದಂತೆ ಪ್ಯಾದೆಯ ಕೈಯಲ್ಲಿ ಕತ್ತಿಯ ಜಾಗಕ್ಕೆ ಕಾಗದದ ಕಟ್ಟು ಬಂತು. ಹೆಸರು ಹಾಗೇ ಉಳಿಯಿತು. ಕೆಲಸ ಬದಲಾದದ್ದು ತಪ್ಪಲ್ಲ, ಯುದ್ಧ ನಿಂತದ್ದು ಒಳ್ಳೆಯದೇ. ನನಗೆ ನೋವಾಗುವುದು, ನಿನ್ನೆಯವರೆಗೆ ‘ಇವನಿಂದ ರಾಜ್ಯ ಉಳಿಯಿತು’ ಎನ್ನುತ್ತಿದ್ದವರು ಇಂದು ಅವನಿಗೆ ಕುರ್ಚಿ ಕೊಡುವುದನ್ನು ಮರೆತದ್ದಕ್ಕೆ.

ಪರ್ಷಿಯನ್, ಪೋರ್ಚುಗೀಸ್ ಎಂದು ಹೊರಗಿನವರ ಮೇಲೆ ಹೊರಿಸುವಂತಿಲ್ಲ. ಅಚ್ಚಗನ್ನಡದ ‘ಆಳು’ ಪದವನ್ನೇ ತೆಗೆದುಕೊಳ್ಳಿ. ಹಳಗನ್ನಡದಲ್ಲಿ ಆಳ್ ಎಂದರೆ ಸೈನಿಕ, ಕಲಿ, ಒಡೆಯನಿಗಾಗಿ ಪ್ರಾಣ ಕೊಡುವವನು. ಕಾಲಾಳು ಎಂಬಲ್ಲಿ ಆ ಅರ್ಥ ಇನ್ನೂ ಉಳಿದಿದೆ. ರಾಜ್ಯ ಆಳುವುದೂ ನಮ್ಮ ಕಿವಿಗೆ ಅದೇ ಸದ್ದಿನ ಪದ. ಈಗ ‘ಆಳು ಬಂದಿಲ್ಲ, ಕಳೆ ತೆಗೆಯುವುದು ನಿಂತಿದೆ’ ಎಂಬಲ್ಲಿಗೆ ಅದು ಬಂದು ನಿಂತಿದೆ. ‘ಬಂಟ’ನ ಕಥೆ ಇನ್ನೂ ಕಷ್ಟದ್ದು. ಸಂಸ್ಕೃತದ ಭಟನೇ ಕನ್ನಡದಲ್ಲಿ ಬಂಟ. ವೀರ, ನಂಬಿಕೆಯ ಸೇವಕ. ಇಂದಿನ ಅಪರಾಧ ಸುದ್ದಿಗಳಲ್ಲಿ ‘ಕುಖ್ಯಾತ ರೌಡಿಯ ಬಲಗೈ ಬಂಟನ ಬಂಧನ’ ಎಂಬ ತಲೆಬರಹ ಓದದವರು ಯಾರಿದ್ದಾರೆ?

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಈ ಹೆಸರುಗಳಲ್ಲಿ ಸೈನಿಕ ಎಂದೂ ದೊಡ್ಡವನಾಗುವುದೇ ಇಲ್ಲ. ಜವಾನ್ ಎಂದರೆ ಹರೆಯದವನು. ಬೆಂಗಳೂರಿನ ಇನ್‌ಫೆಂಟ್ರಿ ರಸ್ತೆಯಲ್ಲಿ ನಾವೆಲ್ಲ ಓಡಾಡಿದ್ದೇವೆ. ಆ ಪದ ‘ಇನ್ಫಾಂತೆ’ ಎಂಬುದರಿಂದ ಬಂದದ್ದು, ಅರ್ಥ ಮಗು, ಹುಡುಗ. ಕುದುರೆಯೇರಿದ ಸರದಾರನ ಹಿಂದೆ ನಡೆದುಕೊಂಡು ಹೋಗುವ ಹುಡುಗ. ಹಲಸೂರು ಕೆರೆಯ ಬಳಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ, 1780ರಲ್ಲಿ ಹುಟ್ಟಿದ ಪಡೆ. ಅಲ್ಲಿಯ ಸೈನಿಕರಿಗೆ ಅಕ್ಕರೆಯ ಹೆಸರು ‘ತಂಬಿ’. ಕನ್ನಡದವನಿರಲಿ, ತೆಲುಗಿನವನಿರಲಿ, ಮಲಯಾಳಿಯಿರಲಿ, ಎಲ್ಲರೂ ತಮಿಳಿನ ತಂಬಿಗಳೇ. ಆ ಹೆಸರಿನಲ್ಲಿ ನಿಜವಾದ ಪ್ರೀತಿ ಇದೆ, ಸ್ಯಾಪರ್‌ಗಳು, ಅಂದರೆ ಆ ಎಂಜಿನಿಯರ್ ಪಡೆಯ ಸೈನಿಕರು, ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಸೈನಿಕನಿಗೆ ‘ಗಣಪತ್’ ಎಂಬ ಹೆಸರು ಅಂಟಿಕೊಂಡದ್ದೂ ಪ್ರೀತಿಯಿಂದಲೇ. ಆದರೂ ತಂಬಿ ಎಂದರೆ ತಮ್ಮ. ಇಪ್ಪತ್ತು ವರ್ಷ ಸೇವೆ ಮಾಡಿ ಮಗಳ ಮದುವೆ ಮಾಡಿದ ಹವಾಲ್ದಾರನೂ ಜವಾನನೇ, ತಂಬಿಯೇ. ಅಣ್ಣನ ಸ್ಥಾನ ಯಾವಾಗಲೂ ಬೇರೊಬ್ಬರದು.

ಬ್ರಿಟಿಷ್ ಸೈನಿಕನಿಗೆ ಜಗತ್ತೆಲ್ಲ ಹೇಳುವ ‘ಟಾಮಿ’ (ಥಾಮಸ್‌ನ ಮುದ್ದುರೂಪ) ಎಂಬ ಹೆಸರು ಹುಟ್ಟಿದ ಕಥೆಯಲ್ಲೂ ಇದೇ ಕಾಣುತ್ತದೆ. ಜನಪ್ರಿಯ ಕಥೆ ಹೀಗಿದೆ: 1794ರಲ್ಲಿ ನೆದರ್ಲೆಂಡ್ಸ್‌ನ ಬಾಕ್ಸ್‌ಟೆಲ್ ಕಾಳಗದಲ್ಲಿ 33ನೇ ರೆಜಿಮೆಂಟಿನ ಥಾಮಸ್ ಅಟ್ಕಿನ್ಸ್ ಎಂಬ ಸೈನಿಕ ಗಾಯಗೊಂಡು ಸಾಯುತ್ತಿದ್ದ. ಮರುಕಪಟ್ಟ ತನ್ನ ಅಧಿಕಾರಿಗೆ, ಇದೆಲ್ಲ ದಿನದ ಕೆಲಸದಲ್ಲಿ ಇದ್ದದ್ದೇ ಎಂದು ಆತ ಸಮಾಧಾನ ಹೇಳಿದನಂತೆ. ಆ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು. ದಶಕಗಳ ನಂತರ ಸೇನೆಯ ಅರ್ಜಿಯಲ್ಲಿ ಮಾದರಿಗಾಗಿ ಒಂದು ಹೆಸರು ಬೇಕಾದಾಗ ಅವನ ನೆನಪಾಗಿ ಅದನ್ನೇ ಸೂಚಿಸಿದನಂತೆ. ಇದೇ ವೆಲ್ಲೆಸ್ಲಿ, ಇದೇ 33ನೇ ರೆಜಿಮೆಂಟು 1799ರಲ್ಲಿ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತಿತ್ತು. ಪಟ್ಟಣ ಬಿದ್ದ ಮೇಲೆ ಅಲ್ಲಿಯ ಆಡಳಿತ ಅವನ ಕೈಗೆ ಬಂತು. ಹಾಗಾಗಿ ನಮ್ಮವರಿಗೆ ಈ ಕಥೆ ಅಷ್ಟೇನೂ ದೂರದ್ದಲ್ಲ.

ಆದರೆ ಕಾಗದ ಬೇರೆಯೇ ಹೇಳುತ್ತದೆ. ವೆಲಿಂಗ್ಟನ್ ಆ ಹೆಸರನ್ನು ಸೂಚಿಸಿದ ಎನ್ನುವ ಕಥೆ 1843ರದು. ಯುದ್ಧ ಇಲಾಖೆ 1815ರಲ್ಲೇ ಪ್ರಕಟಿಸಿದ ನಿಯಮಗಳ ಪುಸ್ತಕದ ಮಾದರಿ ನಮೂನೆಯಲ್ಲಿ ಥಾಮಸ್ ಅಟ್ಕಿನ್ಸ್ ಇದ್ದಾನೆ. ಸೈನಿಕನ ಸಂಬಳ, ಬಟಾವಡೆಯ ಲೆಕ್ಕ ಹೇಗೆ ತುಂಬಬೇಕು ಎಂದು ತೋರಿಸಲು ಗುಮಾಸ್ತರು ಬರೆದ ಹೆಸರು ಅದು. ಸಹಿಯ ಜಾಗದಲ್ಲಿ ಒಂದು ಗುಣಾಕಾರದ ಗುರುತು, ಪಕ್ಕದಲ್ಲಿ ‘ಅವನ ಗುರುತು’ ಎಂಬ ಬರಹ. ಅಂದರೆ ಅಟ್ಕಿನ್ಸ್‌ಗೆ ಓದು ಬರಹ ಬಾರದು ಎಂದು ನಮೂನೆಯೇ ತೀರ್ಮಾನಿಸಿಬಿಟ್ಟಿತ್ತು. 1837ರ ಆವೃತ್ತಿಯಲ್ಲಿ ಅವನು ಸಾರ್ಜೆಂಟ್ ಆಗಿದ್ದಾನೆ, ಸಹಿ ಹಾಕುವುದನ್ನೂ ಕಲಿತಿದ್ದಾನೆ. ಇಂಥ ಹುಟ್ಟು ಜನರಿಗೆ ರುಚಿಸಲಿಲ್ಲ. ಸಾಯುವ ವೀರನ ಬಾಯಿಯ ಮಾತು ಬೇಕಾಗಿತ್ತು, ಅದಕ್ಕೇ ಬಾಕ್ಸ್‌ಟೆಲ್ ಕಥೆ ಬೆಳೆಯಿತು. ನನಗಂತೂ ನಮೂನೆಯ ಕಥೆಯೇ ಹೆಚ್ಚು ಸತ್ಯ ಹೇಳುತ್ತದೆ ಅನಿಸುತ್ತದೆ. ಯಾರ ಹೆಸರನ್ನಾದರೂ ತುಂಬಬಹುದಾದ ಖಾಲಿ ಜಾಗ, ಸಾಮಾನ್ಯ ಸೈನಿಕನನ್ನು ಆಡಳಿತ ಕಂಡದ್ದೇ ಹಾಗೆ.

ಫ್ರಾನ್ಸಿನಲ್ಲಿ ಮೊದಲ ಮಹಾಯುದ್ಧದ ಸೈನಿಕನಿಗೆ ‘ಪ್ವಾಲ್ಯು’ ಎಂಬ ಹೆಸರು. ಮೈತುಂಬ ಕೂದಲಿನವನು, ಗಂಡೆದೆಯವನು ಎಂದರ್ಥ. ಪತ್ರಿಕೆಗಳು ಆ ಪದವನ್ನು ಮೆರೆಸಿದವು, ಅಂಚೆ ಕಾರ್ಡುಗಳ ಮೇಲೆ ಗಡ್ಡದ ವೀರ ಮಿಂಚಿದ. ಕಂದಕದಲ್ಲಿ ಕೆಸರು, ಹೇನು, ಇಲಿಗಳ ನಡುವೆ ಇದ್ದವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ತಮ್ಮೊಳಗೆ ಅವರು ಹೇಳಿಕೊಳ್ಳುತ್ತಿದ್ದದ್ದು ‘ಬೊನೋಮ್’, ಸುಮ್ಮನೆ ‘ಮನುಷ್ಯ’ ಎನ್ನುವ ಹಾಗೆ. ಕೊನೆಯ ಪ್ವಾಲ್ಯು ಎಂದು ದೇಶ ಗೌರವಿಸಿದ ಲಜಾರ್ ಪೊಂಟಿಚೆಲ್ಲಿ 2008ರ ಮಾರ್ಚ್ 12ರಂದು 110ನೇ ವಯಸ್ಸಿನಲ್ಲಿ ತೀರಿಕೊಂಡರು. ಇಟಲಿಯಲ್ಲಿ ಹುಟ್ಟಿ, ವಯಸ್ಸು ಸುಳ್ಳು ಹೇಳಿ ಫ್ರಾನ್ಸಿನ ವಿದೇಶಿ ದಳಕ್ಕೆ ಸೇರಿದವರು. ಕೊನೆಯ ಸೈನಿಕನಿಗೆ ಸಕಲ ಸರ್ಕಾರಿ ಗೌರವದ ಅಂತ್ಯಕ್ರಿಯೆ ಎಂದು ಸರ್ಕಾರ ಘೋಷಿಸಿದಾಗ ಅವರು ಮೊದಲು ಬೇಡ ಎಂದರು. ಮೊದಲು ಸತ್ತವರಿಗೆ ಸಿಗದ ಗೌರವ ಕೊನೆಯವನಿಗೇಕೆ ಎಂಬುದು ಅವರ ವಾದ. ಆಮೇಲೆ, ಸತ್ತ ಸಂಗಾತಿಗಳೆಲ್ಲರ ಪರವಾಗಿ, ಸರಳವಾಗಿ ನಡೆಯುವುದಾದರೆ ಆಗಲಿ ಎಂದು ಒಪ್ಪಿದರು. ಟಿ.ವಿ. ಪರದೆಯ ಮೇಲೆ ‘ವೀರಯೋಧ’ ಎಂಬ ಪದ ಬೆಂಕಿಯ ಚಿತ್ರದೊಂದಿಗೆ ಹಾರಿ ಬರುವಾಗೆಲ್ಲ ನನಗೆ ಪೊಂಟಿಚೆಲ್ಲಿ ನೆನಪಾಗುತ್ತಾರೆ.

ಸಿಪಾಯಿಗೆ ಮರಳಿ ಬರೋಣ, ಏಕೆಂದರೆ ಈ ಪದದಷ್ಟು ದೂರ ಅಲೆದ, ಇಷ್ಟು ಅವಮಾನ ಉಂಡ ಸೈನಿಕ ಪದ ಇನ್ನೊಂದಿಲ್ಲ. ಆಟೊಮನ್ ತುರ್ಕರಲ್ಲಿ ಸಿಪಾಹಿ ಎಂದರೆ ಜಹಗೀರು ಪಡೆದ ಕುದುರೆ ಸವಾರ, ಊರಿನ ಗಣ್ಯ. ಭಾರತದಲ್ಲಿ ಯುರೋಪಿನ ಕಂಪನಿಗಳು ಅದೇ ಪದವನ್ನು ತಾವು ಕೂಲಿಗೆ ಇಟ್ಟುಕೊಂಡ ಕಾಲಾಳಿಗೆ ಇಟ್ಟವು. ಪೋರ್ಚುಗೀಸರು ಅದನ್ನು ಆಫ್ರಿಕಾಕ್ಕೆ ಒಯ್ದರು. ಅಂಗೋಲ, ಮೊಜಾಂಬಿಕ್‌ಗಳಲ್ಲಿ ‘ಸಿಪಾಯೊ’ ಎಂದರೆ ಬಿಳಿಯ ಆಡಳಿತದ ಪರವಾಗಿ ತನ್ನವರ ಮೇಲೆಯೇ ಬೆತ್ತ ಬೀಸುವ ಸ್ಥಳೀಯ ಪೊಲೀಸ್. ಅರ್ಜೆಂಟೀನಾದ ರಾಜಕೀಯ ಭಾಷಣಗಳಲ್ಲಿ ‘ಸಿಪಾಯೊ’ ಎಂದರೆ ವಿದೇಶಿ ಹಿತಾಸಕ್ತಿಗೆ ಮಾರಿಕೊಂಡವನು ಎಂಬ ಬೈಗುಳ. ಸ್ಪೇನಿನ ಬಾಸ್ಕ್ ನಾಡಿನಲ್ಲೂ ಅಲ್ಲಿಯ ಪೊಲೀಸರ ಮುಖಕ್ಕೆ ಎಸೆಯುವ ಪದ ಅದೇ. ಉತ್ತರ ಭಾರತದ ಅವಧ್ ಸೀಮೆಯ ಬಡ ರೈತನ ಮಗ ಹೊಟ್ಟೆಪಾಡಿಗೆ ತೊಟ್ಟ ಹೆಸರು, ಅವನು ಕೇಳಿಯೇ ಇರದ ದೇಶಗಳಲ್ಲಿ ದ್ರೋಹಕ್ಕೆ ಪರ್ಯಾಯವಾಯಿತು.

ಅದೇ ಸಿಪಾಯಿ ತಿರುಗಿ ನಿಂತಾಗ ಬ್ರಿಟಿಷರು ಇನ್ನೊಂದು ಹೆಸರು ಹುಡುಕಿದರು. 1857ರ ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ 34ನೇ ಬಂಗಾಳ ಪದಾತಿ ದಳದ ಮಂಗಲ್ ಪಾಂಡೆ ಬಂದೂಕು ಎತ್ತಿದರು. ಏಪ್ರಿಲ್ 8ರಂದು ಅವರನ್ನು ಗಲ್ಲಿಗೇರಿಸಲಾಯಿತು. ಅಂದಿನಿಂದ ಬಂಡೆದ್ದ ಪ್ರತಿಯೊಬ್ಬ ಸಿಪಾಯಿಯೂ ಗೋರಾಗಳ ಬಾಯಲ್ಲಿ ‘ಪ್ಯಾಂಡಿ’. ಅವನು ಪಾಂಡೆಯೇ ಆಗಿರಲಿ, ಖಾನನೇ ಆಗಿರಲಿ, ಯಾದವನೇ ಆಗಿರಲಿ. ಫಿರಂಗಿಯ ಬಾಯಿಗೆ ಕಟ್ಟಿ ಉಡಾಯಿಸುವಾಗ ಎದುರಿಗಿರುವವನ ನಿಜವಾದ ಹೆಸರು ಗೊತ್ತಿರಬಾರದು. ಎಲ್ಲರೂ ಪ್ಯಾಂಡಿ ಎಂದರೆ ಕೈ ನಡುಗುವುದಿಲ್ಲ.

ಹೆಸರು ಅಳಿಸುವ ಈ ಅಭ್ಯಾಸ ಸತ್ತ ಮೇಲೂ ಬಿಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ಸತ್ತವರಿಗಾಗಿ 1929ರಲ್ಲಿ ಬಸ್ರಾದಲ್ಲಿ ಸ್ಮಾರಕ ಅನಾವರಣಗೊಂಡಿತು. ಬ್ರಿಟಿಷ್ ಸಾಮಾನ್ಯ ಸೈನಿಕರ ಹೆಸರುಗಳು ಕಲ್ಲಿನ ಮೇಲೆ ಬಂದವು. ಭಾರತದ ಪಡೆಗಳಲ್ಲಿ ಹೆಸರು ಬಂದದ್ದು ಅಧಿಕಾರಿಗಳದ್ದು ಮಾತ್ರ. ಉಳಿದವರದ್ದು ರೆಜಿಮೆಂಟಿನ ಕೆಳಗೆ ಬರೀ ಸಂಖ್ಯೆ. ಯುದ್ಧ ಸಮಾಧಿಗಳ ಉಸ್ತುವಾರಿ ಹೊತ್ತ ಕಾಮನ್‌ವೆಲ್ತ್ ಆಯೋಗವೇ 2021ರ ವರದಿಯಲ್ಲಿ ಇಂಥ ತಾರತಮ್ಯವನ್ನು ಒಪ್ಪಿಕೊಂಡಿತು: ಏಷ್ಯಾ, ಆಫ್ರಿಕಾದ 45,000ದಿಂದ 54,000 ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿದೆ, ಇನ್ನೂ ಕನಿಷ್ಠ 1,16,000, ಪ್ರಾಯಶಃ 3,50,000ದಷ್ಟು ಮಂದಿಗೆ ಹೆಸರಿನ ಸ್ಮರಣೆಯೇ ಇಲ್ಲ. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ನಮ್ಮ ನೆಲದ ವೀರಗಲ್ಲುಗಳನ್ನು ಈ ಬಸ್ರಾದ ಪಕ್ಕದಲ್ಲಿಟ್ಟು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ರಾಜನ ಹೆಸರು ಬರುತ್ತದೆ, ನಿಜ. ಆದರೆ ಶಾಸನ ಮುಂದುವರಿದು ಯಾವ ಊರಿನ, ಯಾರ ಮಗ, ಏನನ್ನು ಉಳಿಸಲು ಹೋಗಿ ಸತ್ತ ಎಂದೂ ಹೇಳುತ್ತದೆ. ತುರುಗಳನ್ನು ಬಿಡಿಸಿಕೊಂಡು ಬರಲು ಹೋದ ಊರಿನ ಹುಡುಗನ ಹೆಸರು ಸಾವಿರ ವರ್ಷ ನಿಂತಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ಆತಕೂರಿನ ಕಲ್ಲನ್ನು ನೋಡಬಹುದು, ಸುಮಾರು ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ ‘ಏನು ಬೇಕು ಕೇಳು’ ಎಂದಾಗ, ಅವನು ಕೇಳಿದ್ದು ದೊರೆಯ ಬಳಿಯಿದ್ದ ಒಂದು ಬೇಟೆ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದಿಗೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ಮಣಲೆರ ಕಲ್ಲು ನೆಡಿಸಿ, ಭೂಮಿ ಬಿಟ್ಟು, ನಾಯಿಯ ಹೆಸರನ್ನೂ ಕೆತ್ತಿಸಿದ. ಕಾಳಿ ಎಂದು ಅದರ ಹೆಸರು. ಹತ್ತನೇ ಶತಮಾನದಲ್ಲಿ ಒಂದು ನಾಯಿಗೆ ಸಿಕ್ಕ ಮರ್ಯಾದೆ ಇಪ್ಪತ್ತನೇ ಶತಮಾನದಲ್ಲಿ ಭಾರತದ ಸಿಪಾಯಿಗೆ ಸಿಗಲಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ, ಬರಲೇಬೇಕು.

ಊರಿನವರು ಕೊಡುವ ಹೆಸರು ಮಾತ್ರ ಬೇರೆ ಬಗೆಯದು. ನಮ್ಮ ಹಳ್ಳಿಗಳಲ್ಲಿ ನಿವೃತ್ತನಾಗಿ ಬಂದವನನ್ನು ‘ಮಿಲಿಟರಿ ಶಿವಣ್ಣ’, ‘ಮಿಲಿಟರಿ ಮಾವ’ ಎನ್ನುತ್ತಾರೆ. ಅಲ್ಲಿ ದಂಡಿನ ಜೊತೆಗೆ ಅವನ ಸ್ವಂತ ಹೆಸರಿದೆ, ನೆಂಟಸ್ತಿಕೆ ಇದೆ, ಅಣ್ಣನೋ ಮಾವನೋ ಆಗಿ ಹಿರಿತನವೂ ಇದೆ. ರೆಜಿಮೆಂಟಿನಲ್ಲಿ ತಮ್ಮನಾಗಿದ್ದವನು ಊರಿಗೆ ಬಂದು ಅಣ್ಣನಾಗುತ್ತಾನೆ. ನಾನು ಒಪ್ಪುವ ಏಕೈಕ ಬಿರುದು ಇದು.

ಹೆಸರಿನ ಅಂದದಿಂದ ಸೈನಿಕನ ಬದುಕು ಅಂದವಾಗುವುದಿಲ್ಲ ಎನ್ನುವುದಕ್ಕೆ ಅಮೆರಿಕದ ಸೈನಿಕನಿಗೆ ಅಂಟಿದ ‘ಜಿ.ಐ.’ ಎಂಬ ಹೆಸರನ್ನು ನೋಡಬೇಕು. ಕಲಾಯಿ ಹಾಕಿದ ಕಬ್ಬಿಣದ (ಗ್ಯಾಲ್ವನೈಸ್ಡ್ ಐರನ್) ಬಕೆಟ್ಟು, ಕಸದ ಡಬ್ಬಿಗಳನ್ನು ಸೇನೆಯ ದಾಸ್ತಾನು ಪಟ್ಟಿಯಲ್ಲಿ ಸೂಚಿಸುತ್ತಿದ್ದ ಎರಡು ಅಕ್ಷರ ಅವು. ಆಮೇಲೆ ಜನ ಅದನ್ನು ‘ಸರ್ಕಾರಿ ಸರಬರಾಜು’ (ಗವರ್ನಮೆಂಟ್ ಇಶ್ಯೂ) ಎಂದು ಅರ್ಥ ಮಾಡಿಕೊಂಡರು. ಬೂಟು, ಕಂಬಳಿ, ಸೋಪು ಎಲ್ಲವೂ ಜಿ.ಐ. ಕೊನೆಗೆ ಅವುಗಳ ನಡುವೆ ಇದ್ದ ಮನುಷ್ಯನೂ ಜಿ.ಐ. ಆದ. ಇದಕ್ಕಿಂತ ಕೆಳಗಿನ ಹುಟ್ಟು ಯಾವ ಹೆಸರಿಗೂ ಇಲ್ಲ. ಆದರೆ 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಕಾಯ್ದೆಯನ್ನು ಇಂದಿಗೂ ಜಿ.ಐ. ಬಿಲ್ ಎಂದೇ ಕರೆಯುತ್ತಾರೆ. ಯುದ್ಧದಿಂದ ಮರಳಿದವನಿಗೆ ಕಾಲೇಜಿನ ಶುಲ್ಕ, ಓದುವಾಗ ಜೀವನ ಭತ್ಯೆ, ಮನೆ ಸಾಲಕ್ಕೆ ಸರ್ಕಾರದ ಖಾತರಿ. 1956ರ ಹೊತ್ತಿಗೆ ಸುಮಾರು 78 ಲಕ್ಷ ಮಂದಿ ಅದರ ನೆರವಿನಿಂದ ಓದು, ತರಬೇತಿ ಪಡೆದಿದ್ದರು. ಕಪ್ಪು ಸೈನಿಕರಿಗೆ ಬ್ಯಾಂಕುಗಳೂ ಕಾಲೇಜುಗಳೂ ಬಾಗಿಲು ಮುಚ್ಚಿದ ಅನ್ಯಾಯವೂ ಅದೇ ಚರಿತ್ರೆಯಲ್ಲಿದೆ, ಅದನ್ನು ಮುಚ್ಚಿಡಬಾರದು. ಆದರೂ ಕಸದ ಡಬ್ಬಿಯ ಹೆಸರು ಹೊತ್ತವನು ಪದವೀಧರನಾದ.

ನಮ್ಮಲ್ಲಿ 2022ರ ಜೂನ್‌ನಲ್ಲಿ ಅಗ್ನಿಪಥ ನೇಮಕಾತಿ ಯೋಜನೆಯೊಂದಿಗೆ ಸಾಮಾನ್ಯ ಸೈನಿಕನಿಗೆ ಹೊಸ ಹೆಸರು ಬಂತು, ಅಗ್ನಿವೀರ. ಇಷ್ಟು ಎತ್ತರದ ಹೆಸರು ಸಿಪಾಯಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಸೇವೆ ನಾಲ್ಕು ವರ್ಷ. ಅದಾದ ಮೇಲೆ ಹೆಚ್ಚೆಂದರೆ ಶೇ 25ರಷ್ಟು ಮಂದಿ ಕಾಯಂ. ಉಳಿದವರಿಗೆ ಒಂದು ಇಡಿಗಂಟು, ಪಿಂಚಣಿ ಇಲ್ಲ. ಯೋಜನೆಯ ಪರವಾಗಿ ಇರುವ ವಾದಗಳನ್ನು ನಾನು ಓದಿದ್ದೇನೆ: ಸೇನೆಯ ಸರಾಸರಿ ವಯಸ್ಸು ಇಳಿಯಬೇಕು, ಪಿಂಚಣಿಯ ಹೊರೆ ತಗ್ಗಬೇಕು. ಅವು ಸುಳ್ಳಲ್ಲ. ಆದರೆ ಬಿರುದು ಹಿಗ್ಗಿದಾಗಲೇ ಸವಲತ್ತು ಕುಗ್ಗಿದ್ದನ್ನು ನೋಡಿದರೆ, ಹಳೆಯ ‘ಸಿಪಾಯಿ’ಯೇ ಪಿಂಚಣಿಯೊಡನೆ ವಾಸಿಯಾಗಿತ್ತು ಎಂದು ಬಾಗಲಕೋಟೆಯ, ಹಾಸನದ, ಕೊಡಗಿನ ತಂದೆತಾಯಂದಿರು ಅಂದುಕೊಂಡರೆ ತಪ್ಪೇನು? 2008ರಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ, ಅಧಿಕಾರಿಗಳ ಮನೆಗೆಲಸಕ್ಕೆ ಸೈನಿಕರನ್ನು ಬಳಸುವ ‘ಸಹಾಯಕ್’ ಪದ್ಧತಿ ಬ್ರಿಟಿಷರ ಕಾಲದ ಪಳೆಯುಳಿಕೆ, ನಿಲ್ಲಿಸಿ ಎಂದಿತ್ತು. ಆರ್ಡರ್ಲಿ, ಬ್ಯಾಟ್‌ಮ್ಯಾನ್, ಸಹಾಯಕ್, ‘ಬಡ್ಡಿ’ (ಇಂಗ್ಲಿಷಿನಲ್ಲಿ ಗೆಳೆಯ) ಎಂದು ಹೆಸರು ಬದಲಾದದ್ದಷ್ಟೇ. 2017ರಲ್ಲೂ ಸೈನಿಕರು ಅದೇ ದೂರನ್ನು ವಿಡಿಯೊ ಮಾಡಿ ಹೇಳಬೇಕಾಯಿತು.

ಮೊದಲ ತಂಡದ ಅಗ್ನಿವೀರರು 2022ರ ಕೊನೆಗೆ ತರಬೇತಿಗೆ ಸೇರಿದವರು, ಅವರ ನಾಲ್ಕು ವರ್ಷ 2026ರ ಕೊನೆಯಿಂದ ಮುಗಿಯತೊಡಗುತ್ತದೆ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಶೇ 10ರಷ್ಟು ಮೀಸಲಾತಿ ಎಂದು 2022ರಲ್ಲಿ ಘೋಷಣೆಯಾಗಿತ್ತು. ಉಳಿದವರು ನಮ್ಮ ಜಿಲ್ಲೆಗಳಿಗೇ ಬರುತ್ತಾರೆ, ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿನಲ್ಲಿ. ಅವರಿಗೆ ಓದು ಮುಂದುವರಿಸಲು ಯಾವ ಕಾಲೇಜಿನಲ್ಲಿ ಸೀಟು, ಯಾವ ಇಲಾಖೆಯಲ್ಲಿ ಯಾವ ದರ್ಜೆಯ ಹುದ್ದೆ ಎಂದು ನಿಮ್ಮ ಕ್ಷೇತ್ರದ ಶಾಸಕರನ್ನೂ ಸಂಸದರನ್ನೂ ಕೇಳಿ. ಮಾಲ್‌ನ ಗೇಟಿನಲ್ಲಿ ಸೆಕ್ಯೂರಿಟಿ, ಕಚೇರಿಯ ಬಾಗಿಲಲ್ಲಿ ಜವಾನ ಎಂಬ ಉತ್ತರ ಬಂದರೆ, ಒಪ್ಪಬೇಡಿ, ಮತ್ತೆ ಕೇಳಿ.